ಪ್ರಮಾಣಪತ್ರದಾಚೆಗಿನ ಸುರಕ್ಷತೆ: ಮುಂಬಯಿಯಲ್ಲಿ ಗರ್ಭಪಾತ ಸೇವೆಯನ್ನು ಅಳೆಯುವ ಬಗೆ

ಗರ್ಭಪಾತ ಸೇವೆಯೊಂದು ಕಾನೂನುಬದ್ಧವೇ ಎಂಬ ಪ್ರಶ್ನೆಗೂ ಅದು ಸುರಕ್ಷಿತವೇ ಎಂಬ ಪ್ರಶ್ನೆಗೂ ಒಂದೇ ಉತ್ತರ ಇರಲೇಬೇಕೆಂದಿಲ್ಲ. ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯ ಸಮಿತಿ 1966ರಲ್ಲಿ ನೀಡಿದ ವರದಿಯ ಆಧಾರದಲ್ಲಿ ರೂಪುಗೊಂಡು, 1972ರ ಏಪ್ರಿಲ್ 1ರಂದು ಜಾರಿಗೆ ಬಂದ ವೈದ್ಯಕೀಯ ಗರ್ಭಪಾತ ಕಾಯ್ದೆಯು ಮುಖ್ಯವಾಗಿ ಎರಡು ಸಂಗತಿಗಳನ್ನು ಬಿಗಿಗೊಳಿಸಿತು: ಗರ್ಭಪಾತವನ್ನು ಮಾಡುವವರು ಯಾರು, ಅದು ನಡೆಯುವ ಜಾಗ ಯಾವುದು. ಸರ್ಕಾರಿ ಆಸ್ಪತ್ರೆಗಳಿಗೆ ಬೇರೆ ಅನುಮತಿ ಬೇಕಿಲ್ಲ. ಖಾಸಗಿ ನರ್ಸಿಂಗ್ ಹೋಮ್‌ಗಳು ಮಾತ್ರ ಪ್ರಮಾಣಪತ್ರ ಪಡೆಯಬೇಕು.

ಮುಂಬಯಿಯ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ನೆಲೆಸಿರುವ ಸೇಹತ್ ಎಂಬ ಸಂಶೋಧನಾ ಸಂಸ್ಥೆಯು ಹೆಲ್ತ್‌ವಾಚ್ ಜೊತೆಗೂಡಿ 2000ದಲ್ಲಿ ಆರಂಭಿಸಿದ ಗರ್ಭಪಾತ ಮೌಲ್ಯಮಾಪನ ಯೋಜನೆಯು ಆರು ರಾಜ್ಯಗಳ ಚಿಕಿತ್ಸಾ ಕೇಂದ್ರಗಳನ್ನು ಸಮೀಕ್ಷಿಸಿದಾಗ, ಖಾಸಗಿ ಕೇಂದ್ರಗಳ ಬಹುಪಾಲು ನೋಂದಣಿಯನ್ನೇ ಪಡೆದಿಲ್ಲದಿರುವುದು ಕಂಡುಬಂತು. ನೋಂದಣಿಯಿಲ್ಲದ್ದೆಲ್ಲ ಅಸುರಕ್ಷಿತವೂ ಅಲ್ಲ, ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದ್ದೆಲ್ಲ ಸುರಕ್ಷಿತವೂ ಅಲ್ಲ ಎಂಬ ವಿವೇಕ ಇಂಥ ಅಧ್ಯಯನಗಳಿಂದ ಬಂದದ್ದು.

ಆರೋಗ್ಯ ಸೇವೆಯ ಗುಣಮಟ್ಟವನ್ನು ಸೌಕರ್ಯ, ಕಾರ್ಯವಿಧಾನ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ಅಳೆಯಬೇಕೆಂಬ ಚೌಕಟ್ಟನ್ನು 1966ರಲ್ಲಿ ಕೊಟ್ಟವರು ಅವೆಡಿಸ್ ಡೊನಬೇಡಿಯನ್. ಸೌಕರ್ಯವನ್ನು ಎಣಿಸುವುದು ಸುಲಭ. ಪರೀಕ್ಷಾ ಮೇಜು, ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ವ್ಯವಸ್ಥೆ, ತುರ್ತು ಔಷಧ, ರಕ್ತಸ್ರಾವದಿಂದ ಆಘಾತಕ್ಕೊಳಗಾದವರನ್ನು ದೊಡ್ಡಾಸ್ಪತ್ರೆಗೆ ಸಾಗಿಸುವ ಏರ್ಪಾಡು ಮುಂತಾದವನ್ನು ಕಾಯ್ದೆಯ 2003ರ ನಿಯಮಾವಳಿಯೇ ಪಟ್ಟಿ ಮಾಡಿದೆ; ತಪಾಸಣಾಧಿಕಾರಿ ಅವುಗಳಿಗೆ ಗುರುತು ಹಾಕುತ್ತ ಹೋಗಬಹುದು.

ಕಾರ್ಯವಿಧಾನವಾದರೋ ಬಾಗಿಲು ಮುಚ್ಚಿದ ಕೋಣೆಯೊಳಗೆ ನಡೆಯುವಂಥದು. ಗರ್ಭಕೋಶದ ಒಳಪದರವನ್ನು ಲೋಹದ ಉಪಕರಣದಿಂದ ಕೆರೆದು ತೆಗೆಯುವ, ‘ಡಿ ಅಂಡ್ ಸಿ’ ಎಂದೇ ಜನಜನಿತವಾದ ಹಳೆಯ ಪದ್ಧತಿಯನ್ನು ಬಿಟ್ಟು ನಿರ್ವಾತ ಹೀರಿಕೆಯನ್ನು ಅನುಸರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಇದರಲ್ಲಿ ಮೆತುವಾದ ಪ್ಲಾಸ್ಟಿಕ್ ನಳಿಕೆಯನ್ನು ಗರ್ಭಕೋಶದೊಳಕ್ಕೆ ತೂರಿಸಿ, ಗಾಳಿಯನ್ನು ಹೊರಹಾಕಿದ ಸಿರಿಂಜಿನ ಸೆಳೆತದಿಂದ ಒಳಗಿನದನ್ನು ಹೊರತೆಗೆಯುತ್ತಾರೆ. ಗರ್ಭಕೋಶಕ್ಕೆ ಗಾಯವಾಗುವ ಸಂಭವವೂ ರಕ್ತಸ್ರಾವವೂ ಇದರಲ್ಲಿ ಕಡಿಮೆ. ಆನಂತರದ ಒಂದು ಚಿಕ್ಕ ಕೆಲಸ ಸೇವೆಯ ಶಿಸ್ತನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಹೊರಬಂದ ಅಂಗಾಂಶವನ್ನು ಜಾಲರಿಯಲ್ಲಿ ತೊಳೆದು, ಪಾರದರ್ಶಕ ತಟ್ಟೆಯಲ್ಲಿನ ತಿಳಿನೀರಿಗೆ ಹಾಕಿ, ಕೆಳಗಿನಿಂದ ಬೆಳಕು ಹಾಯಿಸಿದಾಗ, ಗರ್ಭಕ್ಕೆ ಸೇರಿದ ಎಳೆಗಳು ಬಿಳಿಯ ನಯವಾದ ಕುಚ್ಚುಗಳಂತೆ ತೇಲುತ್ತವೆ. ಅವು ಕಾಣದಿದ್ದರೆ ಗರ್ಭ ಇನ್ನೂ ಒಳಗೇ ಉಳಿದಿರಬಹುದು, ಅಥವಾ ಗರ್ಭನಾಳದಲ್ಲಿ ಬೆಳೆಯುತ್ತಿದ್ದು ಜೀವಕ್ಕೇ ಅಪಾಯ ತರಬಹುದು. ಕೆಲವೇ ನಿಮಿಷ ಹಿಡಿಯುವ ಈ ಪರೀಕ್ಷೆ ಪ್ರತಿ ಬಾರಿಯೂ ನಡೆಯುತ್ತದೆಯೇ ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿಯೇ ತಿಳಿಯಬೇಕು.

ಫಲಿತಾಂಶವನ್ನು ಎಣಿಸುವುದು ನೇರವಾದ ದಾರಿಯೆಂದು ತೋರಿದರೂ ಅದರಲ್ಲಿ ಮೋಸಹೋಗುವ ಸಂಭವ ಹೆಚ್ಚು. ಗೋವಂಡಿಯ ಸಣ್ಣ ದವಾಖಾನೆಯೊಂದರಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳಿಗೆ ನಾಲ್ಕು ದಿನಗಳ ನಂತರ ಜ್ವರವೋ ರಕ್ತಸ್ರಾವವೋ ಕಾಣಿಸಿಕೊಂಡರೆ, ಆಕೆ ಬಹುಶಃ ಅಲ್ಲಿಗೆ ಮರಳದೆ ಸಾಯನ್ ಆಸ್ಪತ್ರೆಗೋ ಪರೇಲದ ಕೆಇಎಂಗೋ ಹೋಗುತ್ತಾಳೆ. ತೊಡಕು ದಾಖಲಾಗುವುದು ಚಿಕಿತ್ಸೆ ಕೊಟ್ಟ ದೊಡ್ಡಾಸ್ಪತ್ರೆಯ ಲೆಕ್ಕಕ್ಕೆ. ತೊಡಕಿಗೆ ಕಾರಣವಾದ ಕಡೆ ಕಡತ ಸ್ವಚ್ಛ. ಬರೀ ತೊಡಕುಗಳ ಸಂಖ್ಯೆಯಿಂದ ಆಸ್ಪತ್ರೆಗಳನ್ನು ತೂಗಹೊರಟರೆ, ಕಷ್ಟದ ರೋಗಿಗಳನ್ನು ಬರಮಾಡಿಕೊಳ್ಳುವ ಪಾಲಿಕೆಯ ಆಸ್ಪತ್ರೆಗೇ ಕೆಟ್ಟ ಹೆಸರು ಬರುವುದು ಖಂಡಿತ.

ವೈದ್ಯಕೀಯವಾಗಿ ನಿರ್ದುಷ್ಟವಾದ ಸೇವೆಯೂ ಬಾಗಿಲಲ್ಲೇ ಸೋಲಬಹುದು. ಹದಿನೆಂಟು ತುಂಬಿದ, ಮಾನಸಿಕ ಕಾಯಿಲೆಯಿಲ್ಲದ ಹೆಣ್ಣಿನ ಗರ್ಭಪಾತಕ್ಕೆ ಕಾಯ್ದೆ ಕೇಳುವುದು ಆಕೆಯೊಬ್ಬಳ ಒಪ್ಪಿಗೆಯನ್ನು ಮಾತ್ರ. ಆದರೂ ಗಂಡನ ಸಹಿ ತನ್ನಿ ಎನ್ನುವ ರೂಢಿ ಬಿಟ್ಟುಹೋಗಿಲ್ಲ. ಅವಿವಾಹಿತೆಯಾದರೆ ಪ್ರಶ್ನೆಗಳು ಇನ್ನಷ್ಟು ಹರಿತ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರಗಳ ಅವಧಿಯಲ್ಲಿ ಅವಿವಾಹಿತೆಗೂ ವಿವಾಹಿತೆಗೂ ಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್ 29ರಂದು ಹೇಳಬೇಕಾಗಿ ಬಂತು. ಸಹಿಗಾಗಿ ಅಲೆಯುತ್ತ ಎರಡು ವಾರ ಕಳೆದರೆ ಗರ್ಭದ ವಯಸ್ಸೂ ಅಷ್ಟು ಏರುತ್ತದೆ, ಅದರೊಂದಿಗೆ ಅಪಾಯವೂ ಏರುತ್ತದೆ. ಆದ್ದರಿಂದ ಸಿಬ್ಬಂದಿಯ ನಡವಳಿಕೆ ಕೇವಲ ಸೌಜನ್ಯದ ಮಾತಲ್ಲ, ಸುರಕ್ಷತೆಯ ಅಂಗವೇ. ಇದನ್ನು ಅಳೆಯಲು, ಹೊರಬರುವ ಮಹಿಳೆಯನ್ನು ‘ಸೇವೆ ತೃಪ್ತಿಕರವಾಗಿತ್ತೇ?’ ಎಂದು ಕೇಳುವುದು ವಾಡಿಕೆ. ಕೆಲಸ ಮುಗಿಯಿತಲ್ಲ ಎಂಬ ನಿರಾಳದಲ್ಲಿರುವ ಬಹುಮಂದಿ ಹೌದೆಂದುಬಿಡುತ್ತಾರೆ. ನೋವು ತಡೆಯುವ ಔಷಧ ಕೊಟ್ಟರೇ, ಪರದೆ ಎಳೆದಿದ್ದರೇ, ಯಾರಾದರೂ ಗದರಿದರೇ, ಗರ್ಭನಿರೋಧಕ ಅಳವಡಿಸಿಕೊಂಡರೆ ಮಾತ್ರ ಎಂಬ ಷರತ್ತು ಹಾಕಿದರೇ ಎಂದು ಬಿಡಿಬಿಡಿಯಾಗಿ ಕೇಳಿದಾಗ ಬೇರೆಯೇ ಚಿತ್ರ ದೊರೆಯಬಹುದು.

ಇಷ್ಟೆಲ್ಲ ಅಳತೆಯೂ ಆಸ್ಪತ್ರೆಯ ಗೋಡೆಗಳೊಳಗಿನದು. ಗೋವಂಡಿಗೆ ಹೊಂದಿಕೊಂಡ ದೇವನಾರಿನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆಯು ಗಟ್‌ಮಾಕರ್ ಸಂಸ್ಥೆ ಮತ್ತು ಪಾಪ್ಯುಲೇಶನ್ ಕೌನ್ಸಿಲ್ ಜೊತೆಗೂಡಿ ನಡೆಸಿದ ಅಧ್ಯಯನವು, 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದವೆಂದೂ ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಗಳಿಂದಲೇ ಆದವೆಂದೂ ಅಂದಾಜಿಸಿತು. ಆಸ್ಪತ್ರೆಗಳ ಸಮೀಕ್ಷೆಯಿಂದಷ್ಟೇ ಈ ಲೆಕ್ಕ ಸಿಗುವಂತಿರಲಿಲ್ಲ. ಸಂಶೋಧಕರು ಔಷಧ ಮಾರಾಟದ ಅಂಕಿಗಳನ್ನೂ ಜಾಲಾಡಿದರು. ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನಗಳ ನಂತರ ಮಿಸೊಪ್ರೊಸ್ಟಾಲ್: ಆರಂಭದ ವಾರಗಳಲ್ಲಿ ಸರಿಯಾಗಿ ಸೇವಿಸಿದರೆ ಈ ಮಾತ್ರೆಗಳು ಬಹುಪಾಲು ಯಶಸ್ವಿ. ಸರಿಯಾದ ಮಾಹಿತಿಯೂ ಅಗತ್ಯಬಿದ್ದಾಗ ವೈದ್ಯರ ನೆರವೂ ದೊರೆಯುವಂತಿದ್ದರೆ ಹನ್ನೆರಡು ವಾರಗಳೊಳಗೆ ಮಹಿಳೆ ಇದನ್ನು ತಾನೇ ನಿಭಾಯಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಭಾರತದಲ್ಲಾದರೆ ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ.

ಆದಕಾರಣ ಮುಂಬಯಿಯ ಸೇವೆಯನ್ನು ತೂಗುವವರು ನರ್ಸಿಂಗ್ ಹೋಮ್‌ನಿಂದ ಔಷಧದಂಗಡಿಗೂ ಅಲ್ಲಿಂದ ಚಾಳಿನ ಖೋಲಿಗೂ ಹೋಗಬೇಕಾಗುತ್ತದೆ. ಗರ್ಭಕ್ಕೆ ಎಷ್ಟು ವಾರವಾಗಿದೆಯೆಂದು ಮಾತ್ರೆ ಕೊಟ್ಟವರು ಕೇಳಿದರೇ, ಎರಡನೆಯ ಮಾತ್ರೆಯನ್ನು ಯಾವಾಗ, ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿದರೇ, ಗಂಟೆಗೆ ಎರಡು ದಪ್ಪ ಪ್ಯಾಡ್‌ಗಳು ತೊಯ್ಯುವಷ್ಟು ರಕ್ತ ಸತತ ಎರಡು ಗಂಟೆ ಹೋದರೆ ತಡಮಾಡದೆ ಆಸ್ಪತ್ರೆ ಸೇರಬೇಕೆಂಬುದನ್ನು ತಿಳಿಸಿದರೇ, ಹಾಗೆ ಸೇರಿದಾಗ ಪೊಲೀಸರ ಹೆದರಿಕೆ ಹಾಕದೆ ಅಲ್ಲಿ ಮೊದಲು ರಕ್ತಸ್ರಾವ ನಿಲ್ಲಿಸಿದರೇ ಎಂದು ವಿಚಾರಿಸಬೇಕಾಗುತ್ತದೆ.