ಇ-ಸಿಗರೇಟು: ಗುಂಡಿ ನಮ್ಮ ಹಿಡಿತದಲ್ಲಿದೆಯೇ?

"ಮಗ ಸಿಗರೇಟ್ ಬಿಟ್ಟಾನ್ರಿ ಡಾಕ್ಟ್ರೇ, ಈಗ ಬ್ಯಾಟರಿದು ಸೇದತಾನ. ಪವರ್ ಕಡಿಮಿ ಇಟ್ಕೊಂಡ್ರ ಏನೂ ಆಗೂದಿಲ್ಲಂತ, ಖರೇ ಏನ್ರಿ?" ಪಾಲಕರಿಂದ ಈಚಿನ ದಿನಗಳಲ್ಲಿ ನಾವು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆಯಿದು. ಇ-ಸಿಗರೇಟಿನ ಉತ್ಪಾದನೆ, ಆಮದು, ಮಾರಾಟ ಹಾಗೂ ಜಾಹೀರಾತುಗಳನ್ನು ಭಾರತ ಸರ್ಕಾರ 2019ರಲ್ಲಿಯೇ ಕಾನೂನಿನ ಮೂಲಕ ನಿಷೇಧಿಸಿದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರಲ್ಲಿ, ಮಾರಾಟಕ್ಕೆ ತಡೆಯಿತ್ತು. ಆದರೂ ಅದು ಕಳ್ಳದಾರಿಯಲ್ಲಿ ಮಕ್ಕಳ ಕೈಸೇರುತ್ತಿದೆ. ಆದ್ದರಿಂದ 'ಪವರ್ ಕಡಿಮೆ' ಎಂಬ ಮಾತಿನ ಅರ್ಥವನ್ನು ವಿಚಾರಿಸುವುದು ಅಗತ್ಯ.

ಕೊಳವೆಯೊಳಗಿನ ಒಲೆ

2003ರಲ್ಲಿ ಚೀನಾದ ಔಷಧತಜ್ಞ ಹೊನ್ ಲಿಕ್ ರೂಪಿಸಿದ ಸಾಧನವೇ ಇಂದಿನ ಇ-ಸಿಗರೇಟುಗಳಿಗೆ ಮೂಲ. ಇದರಲ್ಲಿ ಒಂದು ಬ್ಯಾಟರಿ, ಕಾಯುವ ತಂತಿಸುರುಳಿ, ದ್ರವವನ್ನು ಹೀರುವ ಹತ್ತಿಯ ಬತ್ತಿ ಇರುತ್ತವೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಪರಿಮಳದ್ರವ್ಯ ಮತ್ತು ಸಾಮಾನ್ಯವಾಗಿ ನಿಕೋಟಿನ್ ಸೇರಿದ ದ್ರವವು ಕಾದು ಸೂಕ್ಷ್ಮ ಹನಿಗಳ ಮಂಜಾಗುತ್ತದೆ. ಸೇದುವವರು ಎಳೆದುಕೊಳ್ಳುವುದು ಈ ಮಂಜನ್ನು.

ಕೆಲವು ಸಾಧನಗಳಲ್ಲಿ ವಿದ್ಯುತ್ತಿನ ಪ್ರಮಾಣವನ್ನು ಏರಿಳಿಸುವ ಗುಂಡಿಯಿದೆ. ವ್ಯಾಟ್ ಹೆಚ್ಚಿದಂತೆ ಸುರುಳಿಯ ಕಾವು ಹೆಚ್ಚುತ್ತದೆ, ಮಂಜು ದಟ್ಟವಾಗುತ್ತದೆ, ಒಂದೇ ಎಳೆತದಲ್ಲಿ ಒಳಹೋಗುವ ನಿಕೋಟಿನ್ನೂ ಹೆಚ್ಚುತ್ತದೆ. ಒಗ್ಗರಣೆಯ ಎಣ್ಣೆ ಅತಿಯಾಗಿ ಕಾದು ಹೊಗೆಯೆದ್ದಾಗ ಕಣ್ಣುರಿಸುವ ಘಾಟಿನ ಅನುಭವ ಮನೆಯವರಿಗೆಲ್ಲ ಇದೆ. ಆ ಘಾಟಿನಲ್ಲಿರುವ ಅಕ್ರೋಲಿನ್ ಎಂಬ ರಾಸಾಯನಿಕವು ಗ್ಲಿಸರಿನ್ ಅತಿಯಾಗಿ ಕಾದಾಗಲೂ ಹುಟ್ಟುತ್ತದೆ. ಅಡುಗೆಮನೆಯಲ್ಲಿ ನಾವು ಕಿಟಕಿ ತೆರೆದು ದೂರ ಸರಿಯುತ್ತೇವೆ. ಇಲ್ಲಿ ಅದನ್ನೇ ಶ್ವಾಸಕೋಶದೊಳಕ್ಕೆ ಎಳೆದುಕೊಳ್ಳಲಾಗುತ್ತದೆ.

2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದೇ ಸಾಧನವನ್ನು ಎರಡು ಮಟ್ಟಗಳಲ್ಲಿ ಪರೀಕ್ಷಿಸಿದರು. 3.3 ವೋಲ್ಟ್‌ನಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂಯುಕ್ತಗಳು ಕಾಣಲಿಲ್ಲ. 5 ವೋಲ್ಟ್‌ನಲ್ಲಿ ಕಂಡವು. ಅಷ್ಟು ಕಾದರೆ ಸುಟ್ಟ ಕಹಿರುಚಿ ಬರುವುದರಿಂದ ಯಾರೂ ಸೇದಲಾರರೆಂದು ಬೇರೆ ತಜ್ಞರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಹಿ ತೋರುವುದಕ್ಕೆ ಮೊದಲೇ ಏನೆಷ್ಟು ಒಳಸೇರಿತೆಂಬುದನ್ನು ನಾಲಿಗೆ ತಿಳಿಸಲಾರದು.

ವ್ಯಾಟ್ ಎಂಬುದು ಅಳತೆಯಲ್ಲ

ಹಾಗಾದರೆ ಗುಂಡಿಯನ್ನು ಕೆಳಗಿಟ್ಟರೆ ಸಾಕಲ್ಲವೇ? ಇಲ್ಲಿಯೇ ಭ್ರಮೆಯಿರುವುದು. ಪರದೆಯ ಮೇಲಿನ ಅಂಕಿ ಸುರುಳಿಗೆ ಹರಿಯುವ ವಿದ್ಯುತ್ತಿನದು, ದೇಹ ಸೇರುವ ನಿಕೋಟಿನ್ನಿನದಲ್ಲ. ದ್ರವದ ಸಾಂದ್ರತೆ, ಎಳೆತದ ಅವಧಿ, ಗಾಳಿಯ ಹರಿವು ಇವೆಲ್ಲ ಸೇರಿ ಪ್ರಮಾಣವನ್ನು ನಿರ್ಧರಿಸುತ್ತವೆ. ಚಟಕ್ಕೆ ಒಗ್ಗಿದ ದೇಹವು ತನಗೆ ಬೇಕಾದಷ್ಟನ್ನು ಕೇಳಿಯೇ ತೀರುತ್ತದೆ. ಮಂಜು ತೆಳುವಾದರೆ ಎಳೆತ ದೀರ್ಘವಾಗುತ್ತದೆ, ಪದೇ ಪದೇ ಆಗುತ್ತದೆ. ಗುಂಡಿ ಕೆಳಗಿಳಿದಿರುತ್ತದೆ, ಸೇವನೆ ಇಳಿದಿರುವುದಿಲ್ಲ.

ದುಶ್ಚಟವನ್ನು ಕಾಲುಭಾಗದ ಕ್ರಮದಲ್ಲಿ ಬಿಡಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಈ ಕ್ರಮಕ್ಕೆ ಮೊದಲು ಬೇಕಾದದ್ದು ಎಣಿಕೆ. ದಿನಕ್ಕೆ ಎಂಟು ಬೀಡಿ ಸೇದುವವನು ಆರಕ್ಕೆ ಇಳಿಯಬಲ್ಲ. ಮಂಜನ್ನು ಎಣಿಸುವವರು ಯಾರು?

ಸುಲಭವಾದದ್ದೇ ಅಪಾಯ

ಬೀಡಿ ಆರುತ್ತದೆ, ಸಿಗರೇಟು ಮುಗಿಯುತ್ತದೆ, ಬೂದಿ ಬೀಳುತ್ತದೆ, ವಾಸನೆ ಹಿಡಿದುಕೊಡುತ್ತದೆ. ಈ ತೊಡಕುಗಳೇ ಸೇದುವವನಿಗೆ ಒಂದಿಷ್ಟು ಕಡಿವಾಣ. ಹೊಸ ಸಾಧನಗಳಲ್ಲಿ ಅವೊಂದೂ ಇಲ್ಲ. ಹಲವಕ್ಕೆ ಗುಂಡಿಯೂ ಬೇಡ; ತುಟಿಗಿಟ್ಟು ಉಸಿರೆಳೆದರೆ ತಾನೇ ಹೊತ್ತಿಕೊಳ್ಳುತ್ತದೆ. ನಿಕೋಟಿನ್ನನ್ನು ಲವಣರೂಪಕ್ಕೆ ತಂದಿರುವುದರಿಂದ ಗಂಟಲು ಕೆರೆಯುವುದೂ ಕಡಿಮೆ. ಮೊದಲ ಸಲದ ಕೆಮ್ಮು ಎಷ್ಟೋ ಹುಡುಗರನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ಆ ಕಾವಲುಗಾರನೂ ಈಗ ಬಾಗಿಲಲ್ಲಿಲ್ಲ.

ಆಯುರ್ವೇದದಲ್ಲಿಯೂ ಧೂಮಪಾನವಿದೆಯಲ್ಲ ಎಂದು ವಾದಿಸುವವರುಂಟು. ಅದು ಔಷಧಿದ್ರವ್ಯಗಳ ಧೂಮ, ತಂಬಾಕಿನದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ಅದಕ್ಕೆ ಕಾಲವನ್ನೂ ಮಿತಿಯನ್ನೂ ಹೇಳಿದೆ. ಕೊಳವೆ 24ರಿಂದ 36 ಅಂಗುಲ ಉದ್ದವಿರಬೇಕೆಂದಿದೆ. ದೂರದಿಂದ, ಗಿಣ್ಣುಗಳನ್ನು ದಾಟಿ ಬರುವ ಹೊಗೆ ಮೃದುವಾಗುತ್ತದೆಂಬುದು ಕಾರಣ. ಹದಿನೆಂಟು ತುಂಬದವರಿಗೆ ಧೂಮಪಾನ ಕೂಡದೆಂದು ವಾಗ್ಭಟರು ಹೇಳಿದ್ದಾರೆ. ಅಲ್ಲಿ ಸಾಧನವೇ ಸೇವನೆಗೆ ಮಿತಿ ಹಾಕುತ್ತಿತ್ತು; ಇಲ್ಲಿ ಸಾಧನವೇ ಮಿತಿಯನ್ನು ಅಳಿಸುತ್ತದೆ.

ಸುಡುವ ಸಿಗರೇಟಿನ ಹೊಗೆಗಿಂತ ಇದರ ವಿಷ ಕಡಿಮೆಯೆಂದು ಬ್ರಿಟನ್ನಿನ ವೈದ್ಯರು ವಯಸ್ಕ ಧೂಮಪಾನಿಗಳಿಗೆ ಹೇಳುವುದುಂಟು. ಅಲ್ಲಿಯೂ, ಒಮ್ಮೆ ಬಳಸಿ ಎಸೆಯುವ ಅತಿ ಸುಲಭದ ಸಾಧನಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಲಾಗಿದೆ. ಮಕ್ಕಳ ಕೈಗೆ ಅವು ಬಹಳ ಬೇಗ ಸಿಕ್ಕಿದ್ದು ಅದಕ್ಕೊಂದು ಮುಖ್ಯ ಕಾರಣ.

ಪಾಲಕರು ಮಾಡಬೇಕಾದದ್ದು

ಪೆನ್ನು ಅಥವಾ ಪೆನ್‌ಡ್ರೈವ್‌ನಂತಹ ಅಪರಿಚಿತ ವಸ್ತು, ಕೋಣೆಯಲ್ಲಿ ಕಾರಣವಿಲ್ಲದ ಹಣ್ಣಿನ ಪರಿಮಳ, ಒಣಗಿದ ಬಾಯಿ, ಬಿಡದ ಕೆಮ್ಮು, ಸಿಡುಕು ಇವುಗಳನ್ನು ಗಮನಿಸಿರಿ. ದ್ರವದ ಸೀಸೆ ಸಿಕ್ಕರೆ ಚಿಕ್ಕಮಕ್ಕಳಿಂದ ದೂರವಿಡಿರಿ; ನುಂಗಿದರೆ ಅದು ವಿಷ.

ಹೊಡೆದು ಬೈದು ಬಿಡಿಸಲು ಹೋದರೆ ಮಗು ಸುಳ್ಳನ್ನು ಕಲಿಯುತ್ತದೆ, ಚಟವನ್ನು ಬಿಡುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿರಿ. ಸೇದಬೇಕೆಂಬ ತೀವ್ರ ಬಯಕೆ ಸಾಮಾನ್ಯವಾಗಿ ಕೆಲವು ನಿಮಿಷಗಳದು. ಆ ಹೊತ್ತಿಗೆ ನೀರು, ನಡಿಗೆ, ಬಾಯಲ್ಲಿ ಸೋಂಪು ಅಥವಾ ಏಲಕ್ಕಿ ಸಹಾಯಕ. ಅದರಿಂದ ನೀಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಂಬಾಕು ತ್ಯಜಿಸುವವರಿಗಾಗಿ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ತೊಡಗಿದೆ.

"ಕಡಿಮೆ ಇಟ್ಟುಕೊಂಡಿದ್ದೇನೆ" ಎಂದು ಮಗ ಹೇಳಿದರೆ ಗುಂಡಿಯ ಅಂಕಿಯನ್ನು ಕೇಳಬೇಡಿರಿ. "ಎರಡು ದಿನ ಇದನ್ನು ನನ್ನ ಬಳಿ ಕೊಟ್ಟಿರುವೆಯಾ?" ಎಂದು ಕೇಳಿರಿ. ಕೊಡಲಾಗದಿದ್ದರೆ ಯಾವುದು ಯಾರ ಹಿಡಿತದಲ್ಲಿದೆ ಎಂಬುದು ಅವನಿಗೇ ತಿಳಿಯುತ್ತದೆ. ಚಿಕಿತ್ಸೆ ಆರಂಭವಾಗುವುದು ಆ ತಿಳಿವಿನಿಂದ.