ಕ್ಯಾಮೆರಾಕ್ಕೊಂದು ಕೂಲಿಂಗ್ ಗ್ಲಾಸ್

ಮಳೆಗಾಲ ಶುರುವಾಯಿತೆಂದರೆ ಇನ್‌ಸ್ಟಾಗ್ರಾಂ ತುಂಬ ಜಲಪಾತಗಳು. ಬಂಡೆಯ ಮೇಲಿಂದ ನೀರು ಧುಮುಕುತ್ತಿಲ್ಲ, ಯಾರೋ ಬಿಳಿ ರೇಷ್ಮೆ ಸೀರೆ ಇಳಿಬಿಟ್ಟಿದ್ದಾರೆ ಅನ್ನಿಸುವಂಥ ಫೋಟೊಗಳು. ನಮ್ಮ ಕಾಲೇಜಿನ ಫೋಟೊಗ್ರಫಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥದ್ದೊಂದು ಚಿತ್ರ ಬಿದ್ದರೆ ಸಾಕು, ಹತ್ತು ನಿಮಿಷದೊಳಗೆ ಯಾರಾದರೊಬ್ಬ ಜೂನಿಯರ್ ಕೇಳುತ್ತಾನೆ: ‘ಅಣ್ಣಾ, ಯಾವ ಎನ್‌ಡಿ ಫಿಲ್ಟರ್ ತಗೊಳ್ಲಿ?’ ಜೊತೆಗೆ ಆನ್‌ಲೈನ್ ಅಂಗಡಿಯ ಲಿಂಕ್. ಒಂದೇ ಪೌಚಿನಲ್ಲಿ ನಾಲ್ಕೋ ಆರೋ ಫಿಲ್ಟರ್, ಬೆಲೆ ಮಾತ್ರ ಎರಡು ಪಿಜ್ಜಾದಷ್ಟು.

ನಮ್ಮಂಥವರ ಮಟ್ಟಿಗೆ ಈ ಪ್ರಶ್ನೆ ಸಣ್ಣದಲ್ಲ. ಕ್ಯಾಮೆರಾ ಅಪ್ಪ ಕೊಡಿಸಿದ್ದೋ ಮಾವನ ಮನೆಯಿಂದ ತಂದದ್ದೋ ಆಗಿರುತ್ತದೆ. ಫಿಲ್ಟರ್ ಮಾತ್ರ ನಮ್ಮದೇ ದುಡ್ಡಿನಲ್ಲಿ ಬರಬೇಕು. ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಐದನೇ ಸೆಮಿಸ್ಟರಿನವನು. ಇಬ್ಬರು ಪಿಯುಸಿ ಹುಡುಗರಿಗೆ ಫಿಸಿಕ್ಸ್ ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಒಂದೇ ಒಂದು ಫಿಲ್ಟರ್ ಕೊಂಡಿದ್ದೇನೆ, ಅದೂ ಎರಡು ತಿಂಗಳು ಲೆಕ್ಕ ಹಾಕಿದ ಮೇಲೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೆಟ್ ಬೇಡ. ಒಳ್ಳೆಯದು ಒಂದೇ ಸಾಕು, ಅದು ಆರು ಸ್ಟಾಪಿನದಾಗಿರಲಿ. ಯಾಕೆ ಅಂತ ಕೇಳದೆ ಕೊಂಡರೆ ನನ್ನ ಮಾತಿಗೂ ಆ ಲಿಂಕಿನ ಜಾಹೀರಾತಿಗೂ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಲೆಕ್ಕವನ್ನೂ ನೋಡಿ.

ಎನ್‌ಡಿ ಅಂದರೆ ನ್ಯೂಟ್ರಲ್ ಡೆನ್ಸಿಟಿ. ಹೆಸರು ದೊಡ್ಡದು, ಕೆಲಸ ಕೂಲಿಂಗ್ ಗ್ಲಾಸಿನದು. ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ತಗ್ಗಿಸುವ ಬೂದು ಗಾಜು ಅದು. ಸೆನ್ಸರನ್ನು ಬಕೆಟ್ ಅಂದುಕೊಳ್ಳಿ. ನಲ್ಲಿ ಜೋರಾಗಿದ್ದರೆ ಕ್ಷಣದಲ್ಲಿ ತುಂಬಿ ಚೆಲ್ಲುತ್ತದೆ. ಸಣ್ಣಗೆ ಬಿಟ್ಟರೆ ಅದೇ ಬಕೆಟ್ ತುಂಬಲು ಬಹಳ ಹೊತ್ತು ಬೇಕು. ನಮಗೆ ಬೇಕಾಗಿರುವುದು ಆ ಹೊತ್ತೇ. ಶಟರ್ ತೆರೆದಿರುವಷ್ಟು ಕಾಲವೂ ಹರಿಯುವ ನೀರು ತಾನು ಸಾಗಿದ ದಾರಿಯನ್ನೆಲ್ಲ ಸೆನ್ಸರ್ ಮೇಲೆ ಗೀಚುತ್ತ ಹೋಗುತ್ತದೆ. ಕದಲದ ಬಂಡೆ ಇದ್ದಂತೆ ಇರುತ್ತದೆ.

‘ಅಪರ್ಚರನ್ನೇ ಎಫ್/22ಕ್ಕೆ ಕಿರಿದು ಮಾಡಿದರೆ ಫಿಲ್ಟರ್ ಯಾಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕಿಂಡಿ ಕಿರಿದಾದಷ್ಟೂ ಬೆಳಕು ಹರಡಿಕೊಳ್ಳುತ್ತದೆ, ಪಿಯುಸಿಯಲ್ಲಿ ಓದಿದ ಡಿಫ್ರಾಕ್ಷನ್ ಇದೇ. ಎಫ್/22ರಲ್ಲಿ ಬೆಳಕಿನ ಒಂದು ಚುಕ್ಕಿ ಸೆನ್ಸರ್ ಮೇಲೆ ಸುಮಾರು 30 ಮೈಕ್ರಾನ್ ಅಗಲದ ಮಸುಕು ವೃತ್ತವಾಗುತ್ತದೆ. 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ನಾಲ್ಕು ಮೈಕ್ರಾನ್ ಆಸುಪಾಸು. ಅಂದಮೇಲೆ ಎಲೆಯ ಅಂಚು, ಬಂಡೆಯ ಬಿರುಕು ಎಲ್ಲ ಮೆತ್ತಗಾಗುತ್ತವೆ. ಎಫ್/8, ಎಫ್/11ರಲ್ಲೇ ನಿಂತು ಬೆಳಕನ್ನು ಲೆನ್ಸಿನ ಹೊರಗೆ ತಡೆಯುವುದು ಜಾಣತನ.

ಒಂದೇ ಗಾಜು, ಮೂರು ಹೆಸರು

ಈ ವ್ಯಾಪಾರದಲ್ಲಿ ನನಗೆ ಸಿಟ್ಟು ಬರಿಸಿದ್ದು ಹೆಸರುಗಳು. ಒಂದು ಕಂಪನಿ ‘3 ಸ್ಟಾಪ್’ ಅನ್ನುತ್ತದೆ, ಇನ್ನೊಂದು ‘ಎನ್‌ಡಿ8’, ಮತ್ತೊಂದು ‘ಎನ್‌ಡಿ 0.9’. ಮೂರೂ ಒಂದೇ! ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ. ಮೂರು ಸಲ ಅರ್ಧ ಮಾಡಿದರೆ ಎಂಟನೇ ಒಂದು ಭಾಗ, ಅದಕ್ಕೇ ಎಂಟು. ಎಂಟರ ಲಾಗ್ 0.9. ಹಾಗೆಯೇ ಆರು ಸ್ಟಾಪ್ ಅಂದರೆ ಎನ್‌ಡಿ64, ಅದೇ 1.8. ಹತ್ತು ಸ್ಟಾಪ್ ಅಂದರೆ ಎನ್‌ಡಿ1000, ಅದೇ 3.0. ಗುಣಿಸಿದರೆ 1024 ಬರಬೇಕು, ವ್ಯಾಪಾರದವರು ಚಿಲ್ಲರೆ ಬಿಟ್ಟಿದ್ದಾರೆ. ಲಾಗ್ ಟೇಬಲ್ ಜೀವನದಲ್ಲಿ ಎಲ್ಲಿ ಬೇಕಾಗುತ್ತದೆ ಅಂತ ಲೆಕ್ಚರರನ್ನು ಕೇಳುತ್ತಿದ್ದೆವಲ್ಲ, ಇಲ್ಲಿ! ‘3.0’ ಎಂಬುದನ್ನು ‘3 ಸ್ಟಾಪ್’ ಎಂದು ತಿಳಿದು ಆರ್ಡರ್ ಮಾಡಿದರೆ, ಬೇಕಾದ್ದಕ್ಕಿಂತ 128 ಪಟ್ಟು ಕಪ್ಪಾದ ಗಾಜು ಮನೆಗೆ ಬರುತ್ತದೆ.

ಎನ್‌ಡಿ ಮುಂದಿನ ದೊಡ್ಡ ಅಂಕಿಯಿಂದ ಒಂದು ಉಪಕಾರವಿದೆ. ಫಿಲ್ಟರ್ ಇಲ್ಲದೆ ಕ್ಯಾಮೆರಾ ತೋರಿಸುವ ಶಟರ್ ವೇಗವನ್ನು ಆ ಅಂಕಿಯಿಂದ ಗುಣಿಸಿದರೆ ಮುಗಿಯಿತು. 1/60 ಸೆಕೆಂಡ್ ತೋರಿಸುತ್ತಿದ್ದರೆ ಎನ್‌ಡಿ64 ಹಾಕಿದಾಗ ಸುಮಾರು ಒಂದು ಸೆಕೆಂಡ್, ಎನ್‌ಡಿ1000 ಹಾಕಿದಾಗ ಸುಮಾರು 17 ಸೆಕೆಂಡ್.

ಈಗ ಲೆಕ್ಕವನ್ನು ತಿರುಗಿಸಿ ಕೇಳಬೇಕು: ನನ್ನ ಚಿತ್ರಕ್ಕೆ ಎಷ್ಟು ಸೆಕೆಂಡ್ ಬೇಕು? ಜಲಪಾತಕ್ಕೆ ಕಾಲು ಸೆಕೆಂಡಿನಿಂದ ಎರಡು ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚಾದರೆ ನೀರಿನ ಎಳೆಗಳು ಕಳೆದುಹೋಗಿ ಹಿಟ್ಟು ಸುರಿದಂತೆ ಕಾಣುತ್ತದೆ. ಕಡಲಿನದು ಬೇರೆ ಕಥೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ನಿಂತು ನೋಡಿ. ದಡಕ್ಕೆ ಬಡಿದು ಹಿಂದೆ ಸರಿಯುವ ಅಲೆಯ ಗೆರೆಗಳು ಬೇಕೆಂದರೆ ಅರ್ಧದಿಂದ ಒಂದು ಸೆಕೆಂಡ್. ಇಡೀ ಕಡಲೇ ಮಂಜಿನ ಹಾಸಿಗೆಯಾಗಬೇಕೆಂದರೆ 30 ಸೆಕೆಂಡ್, ಅದಕ್ಕೂ ಹೆಚ್ಚು. ಮೋಡಗಳು ಆಕಾಶದಲ್ಲಿ ಗೀರು ಎಳೆಯಬೇಕಾದರೆ ನಿಮಿಷಗಳ ಮಾತು.

ಮೋಡ ಕವಿದ ದಿನ, ಐಎಸ್‌ಒ 100, ಎಫ್/8ರಲ್ಲಿ ಬಯಲಿನಲ್ಲಿ 1/60 ಸೆಕೆಂಡ್ ಆಸುಪಾಸು ಸಿಗುತ್ತದೆ. ಆರು ಸ್ಟಾಪ್ ಹಾಕಿದರೆ ಒಂದು ಸೆಕೆಂಡ್, ಜಲಪಾತಕ್ಕೂ ಅಲೆಗೂ ಹೇಳಿ ಮಾಡಿಸಿದ್ದು. ಸೂರ್ಯ ಮುಳುಗಿದ ಮೇಲೆ ಫಿಲ್ಟರ್ ಇಲ್ಲದೆ 1/2 ಸೆಕೆಂಡಿಗೆ ಇಳಿದಿರುತ್ತದೆ. ಅದೇ ಆರು ಸ್ಟಾಪಿನಲ್ಲಿ 32 ಸೆಕೆಂಡ್, ಕಡಲು ಮಂಜಾಯಿತು. ಕಾಡಿನ ನೆರಳಲ್ಲಿ ತೀರಾ ಹೆಚ್ಚಾಯಿತೆಂದರೆ ಐಎಸ್‌ಒ 400ಕ್ಕೆ ಏರಿಸಿ, ಎರಡು ಸ್ಟಾಪ್ ವಾಪಸ್ ಬರುತ್ತದೆ. ಮೂರು ಸ್ಟಾಪಿನ ಗಾಜಿಗೆ ಮೇಲಕ್ಕೆ ಇಷ್ಟು ದೂರ ಹೋಗಲಾಗದು, ಹತ್ತು ಸ್ಟಾಪಿನದ್ದಕ್ಕೆ ಕೆಳಗಿಳಿಯಲಾಗದು. ಹತ್ತು ಸ್ಟಾಪ್ ಬೇಕಾಗುವುದು ಮಧ್ಯಾಹ್ನದ ಬಿಸಿಲಲ್ಲಿ ಮತ್ತು ಮೋಡಗಳ ಹುಚ್ಚು ಹಿಡಿದಾಗ. ಅದು ಎರಡನೇ ಫಿಲ್ಟರ್, ಮೊದಲ ಸಂಬಳದ ನಂತರದ್ದು. ದಟ್ಟ ಕಾಡಿನ ಜಲಪಾತಗಳೇ ನಿಮ್ಮ ಪ್ರೀತಿಯಾದರೆ ಎನ್‌ಡಿಗಿಂತ ಮೊದಲು ಒಂದು ಪೋಲರೈಸರ್ ಕೊಂಡರೂ ನಾನು ಬೇಡ ಅನ್ನಲಾರೆ. ಒಂದೆರಡು ಸ್ಟಾಪ್ ಬೆಳಕು ಕಡಿಮೆಯಾಗುವುದರ ಜೊತೆಗೆ ಒದ್ದೆ ಬಂಡೆ, ಎಲೆಗಳ ಹೊಳಪು ಹೋಗಿ ಹಸಿರು ಹಸಿರಾಗಿಯೇ ಕಾಣುತ್ತದೆ.

ಅಂದಹಾಗೆ, ನಿಮಿಷಗಟ್ಟಲೆ ಶಟರ್ ತೆರೆದರೆ ನಡೆದಾಡುವ ಜನರೇ ಮಾಯವಾಗುತ್ತಾರೆ. ಇದು ಹೊಸ ಟ್ರಿಕ್ ಅಲ್ಲ. 1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸ್‌ನ ಗಿಜಿಗುಡುವ ಬೀದಿಯೊಂದನ್ನು ತೆಗೆದ ಚಿತ್ರದಲ್ಲಿ ಗಾಡಿ, ಕುದುರೆ, ಜನ ಯಾರೂ ಇಲ್ಲ. ಅಲುಗಾಡದೆ ನಿಂತು ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ ಮಾತ್ರ ಉಳಿದುಕೊಂಡ. ಆಗ ಫಿಲ್ಟರ್ ಬೇಕಿರಲಿಲ್ಲ, ಪ್ಲೇಟೇ ಅಷ್ಟು ನಿಧಾನದ್ದು.

ತಿರುಗಿಸುವ ಫಿಲ್ಟರಿನ ಆಸೆ

‘ಒಂದನ್ನೇ ತಿರುಗಿಸಿದರೆ ಎರಡರಿಂದ ಹತ್ತು ಸ್ಟಾಪ್’ ಎನ್ನುವ ವೇರಿಯಬಲ್ ಎನ್‌ಡಿ ಕಂಡರೆ ಎಲ್ಲರಿಗೂ ಬಾಯಲ್ಲಿ ನೀರು. ಅದರೊಳಗಿರುವುದು ಎರಡು ಪೋಲರೈಸರ್. ಒಂದನ್ನು ಇನ್ನೊಂದರ ಮೇಲೆ ತಿರುಗಿಸಿದಂತೆ ಕತ್ತಲಾಗುತ್ತದೆ. ಮೇಲಸ್ ನಿಯಮ ನೆನಪಿದೆಯಾ? ದಾಟುವ ಬೆಳಕು ಕಾಸ್ ಸ್ಕ್ವೇರ್ ಥೀಟಾದಂತೆ ಇಳಿಯುತ್ತದೆ. ಮೊದಲ ಪೋಲರೈಸರೇ ಅರ್ಧ ಬೆಳಕು ನುಂಗುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ, 45 ಡಿಗ್ರಿ ತಿರುಗಿಸಿದಾಗ ಸಿಗುವುದು ಒಟ್ಟು ಎರಡೇ ಸ್ಟಾಪ್. ಆರು ಸ್ಟಾಪಿಗೆ ಸುಮಾರು 80 ಡಿಗ್ರಿ, ಹತ್ತು ಸ್ಟಾಪಿಗೆ ಸುಮಾರು 87.5 ಡಿಗ್ರಿ. ಅಂದರೆ ಕೊನೆಯ ನಾಲ್ಕು ಸ್ಟಾಪುಗಳೂ ಏಳೂವರೆ ಡಿಗ್ರಿಯೊಳಗೆ ತುರುಕಿಕೊಂಡಿವೆ! ಮಳೆಯಲ್ಲಿ ಒದ್ದೆ ಬೆರಳಿನಿಂದ ಅದನ್ನು ಕರಾರುವಾಕ್ಕಾಗಿ ನಿಲ್ಲಿಸುವುದು ಕಷ್ಟ. ಜೊತೆಗೆ ಆ ಕೊನೆಯಲ್ಲಿ, ಅದರಲ್ಲೂ ವೈಡ್ ಲೆನ್ಸಿನಲ್ಲಿ, ಚಿತ್ರದ ಮೇಲೆ ಅಡ್ಡಡ್ಡ ಕತ್ತರಿ ಗುರುತಿನಂಥ ಕಪ್ಪು ನೆರಳು ಬೀಳುತ್ತದೆ.

ಹಾಗಂತ ಅದು ಕೆಲಸಕ್ಕೆ ಬಾರದ್ದಲ್ಲ. ಮದುವೆ ವಿಡಿಯೊಗಳಿಗೆ ಹೋಗಿ ಫೀಸಿಗೆ ದುಡ್ಡು ಹೊಂದಿಸುವ ಗೆಳೆಯರು ನಮ್ಮಲ್ಲಿದ್ದಾರೆ. ಅವರಿಗೆ ಬೇಕಾದದ್ದೇ ಅದು. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50ರಲ್ಲಿ ಇರಬೇಕು. ಬಿಸಿಲಿನಲ್ಲಿ ಐಎಸ್‌ಒ 100, ಎಫ್/2.8 ಇಟ್ಟರೆ ಬೆಳಕು ಆರು ಸ್ಟಾಪಿನಷ್ಟು ಹೆಚ್ಚಾಗುತ್ತದೆ. ಚಪ್ಪರದ ಒಳಗೂ ಹೊರಗೂ ಓಡಾಡುತ್ತ ಪ್ರತಿ ಸಲ ಗಾಜು ಬದಲಿಸಲು ಮದುಮಗಳು ಕಾಯುವುದಿಲ್ಲ. ಸಂಪಾದನೆ ವಿಡಿಯೊದಿಂದ ಆಗುವುದಾದರೆ ವೇರಿಯಬಲ್, ಟ್ರೈಪಾಡ್ ಮೇಲೆ ನೀರು, ಮೋಡ ತೆಗೆಯುವುದಾದರೆ ಸ್ಥಿರ ಎನ್‌ಡಿ ಎಂಬುದು ನನ್ನ ಅಭಿಪ್ರಾಯ.

ಅಳತೆಯ ವಿಷಯದಲ್ಲಿ ಸ್ವಲ್ಪ ದೂರಾಲೋಚನೆ ಇರಲಿ. ಲೆನ್ಸಿನ ಮುಂದಿನ ಅಂಚಿನಲ್ಲಿ ಸೊನ್ನೆಗೆ ಅಡ್ಡಗೀಟು ಹಾಕಿದ ಗುರುತಿನ ಪಕ್ಕ ಒಂದು ಅಂಕಿ ಇರುತ್ತದೆ. ಕ್ಯಾನನ್ 18-55 ಕಿಟ್ ಲೆನ್ಸಿನಲ್ಲಿ ಸಾಮಾನ್ಯವಾಗಿ 58 ಮಿ.ಮೀ., ನಿಕಾನ್‌ನ ಎಎಫ್-ಪಿ 18-55ರಲ್ಲಿ 55. ಅದೇ ಅಳತೆಯ ಫಿಲ್ಟರ್ ಕೊಂಡರೆ ನಾಳೆ ದೊಡ್ಡ ಲೆನ್ಸ್ ಬಂದಾಗ ಅದು ಡ್ರಾಯರ್ ಸೇರುತ್ತದೆ. 77 ಮಿ.ಮೀ.ನದ್ದು ಕೊಂಡು, ಚಿಕ್ಕ ಲೆನ್ಸುಗಳಿಗೆ ಸ್ಟೆಪ್ ಅಪ್ ರಿಂಗ್ ಹಾಕಿಕೊಳ್ಳಿ. ರಿಂಗ್ ಬೆಲೆ ಫಿಲ್ಟರಿನ ಮುಂದೆ ಏನೂ ಅಲ್ಲ. ನಾವು ನಾಲ್ವರು ಒಂದೇ ಫಿಲ್ಟರನ್ನು ಹೀಗೇ ಹಂಚಿಕೊಳ್ಳುತ್ತೇವೆ. ರಿಂಗ್ ಅವರವರದು, ಗಾಜು ನನ್ನದು, ಚಹಾ ಅವರದು.

ಇನ್ನು ಆ ಅಗ್ಗದ ಸೆಟ್. ಅದರ ದೊಡ್ಡ ತೊಂದರೆ ಬಣ್ಣ. ‘ನ್ಯೂಟ್ರಲ್’ ಎಂಬುದು ಹೆಸರಿನಲ್ಲಿ ಮಾತ್ರ ಇರುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಕಾಣದ ಇನ್‌ಫ್ರಾರೆಡ್ ಅನ್ನು ಒಳಗೆ ಬಿಟ್ಟರೆ ಸೆನ್ಸರ್‌ಗೆ ಅದು ಕೆಂಪಾಗಿ ತೋರುತ್ತದೆ. ಗಾಜು ಕಪ್ಪಾದಷ್ಟೂ ಈ ಕಾಟ ಹೆಚ್ಚು. ಇನ್‌ಫ್ರಾರೆಡ್ ತಡೆಯುವ ಲೇಪನ ಇದೆಯೇ ಎಂದು ನೋಡಿಯೇ ಕೊಳ್ಳಿ. ಎರಡು ಮೂರು ಅಗ್ಗದ ಗಾಜುಗಳನ್ನು ಒಂದರ ಮೇಲೊಂದು ಪೇರಿಸಿದರೆ ಬಣ್ಣದ ದೋಷವೂ ಪ್ರತಿಫಲನವೂ ಕೂಡಿಕೊಳ್ಳುತ್ತವೆ, ಚಿತ್ರದ ಮೂಲೆಗಳೂ ಕಪ್ಪಾಗುತ್ತವೆ. ಯಾವ ಫಿಲ್ಟರೇ ಇರಲಿ, ಚಿತ್ರವನ್ನು ರಾ ಫೈಲಿನಲ್ಲಿ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಆಮೇಲೆ ಸರಿಪಡಿಸಬಹುದು.

ಜೇಬು ಪೂರ್ತಿ ಖಾಲಿಯೇ? ಮೆಕ್ಯಾನಿಕಲ್ ಗೆಳೆಯರ ವರ್ಕ್‌ಶಾಪಿನಲ್ಲಿ ಕಾಣುವಂಥ ವೆಲ್ಡಿಂಗ್ ಗಾಜು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 10ನೇ ಶೇಡ್ ಅಂದರೆ ಸುಮಾರು 13 ಸ್ಟಾಪ್. ಚಿತ್ರ ಗಾಢ ಹಸಿರಾಗಿ ಬರುತ್ತದೆ, ಕಪ್ಪು-ಬಿಳುಪಿಗೆ ಬದಲಿಸಿದರೆ ಚೆನ್ನಾಗಿಯೇ ಇರುತ್ತದೆ. ಇದಕ್ಕಿಂತಲೂ ನನಗೆ ಇಷ್ಟವಾದದ್ದು ಇನ್ನೊಂದು ದಾರಿ: ಟ್ರೈಪಾಡ್ ಮೇಲೆ ಕಾಲು ಸೆಕೆಂಡಿನ 16 ಫೋಟೊ ಸಾಲಾಗಿ ತೆಗೆದು ಕಂಪ್ಯೂಟರಿನಲ್ಲಿ ಅವುಗಳ ಸರಾಸರಿ ತೆಗೆಯುವುದು. ನಾಲ್ಕು ಸೆಕೆಂಡಿನ ಚಿತ್ರಕ್ಕೆ ಹತ್ತಿರದ್ದು ಸಿಗುತ್ತದೆ, ನಾಯ್ಸ್ ಕಾಲು ಭಾಗಕ್ಕಿಳಿಯುತ್ತದೆ. ಪೈಥಾನ್ ಬಲ್ಲವರಿಗೆ ಹತ್ತು ಸಾಲಿನ ಕೆಲಸ, ಖರ್ಚು ಸೊನ್ನೆ. ಕಾಲು ಸೆಕೆಂಡಿಗೂ ಬೆಳಕು ಹೆಚ್ಚಾಗುವಷ್ಟು ಬಿಸಿಲಿದ್ದರೆ ಮಾತ್ರ ಇದು ಸೋಲುತ್ತದೆ. ಒಂದು ಎಚ್ಚರಿಕೆ: ಎನ್‌ಡಿ1000 ಹಾಕಿದ್ದೇನೆಂಬ ಧೈರ್ಯದಲ್ಲಿ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿನಿಂದ ಸೂರ್ಯನನ್ನು ನೋಡಬೇಡಿ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಅದಕ್ಕಿಂತ ನೂರು ಪಟ್ಟು ದಟ್ಟವಾಗಿರುತ್ತದೆ.

ಸ್ಥಳಕ್ಕೆ ಹೋದಮೇಲೆ ಕ್ರಮ ಮುಖ್ಯ. ಮೊದಲು ಫ್ರೇಮ್, ಫೋಕಸ್. ಆಮೇಲೆ ಫೋಕಸನ್ನು ಮ್ಯಾನುಯಲ್‌ಗೆ ಹಾಕಿ, ಕೊನೆಗೆ ಫಿಲ್ಟರ್ ತಿರುಗಿಸಿ. ಹತ್ತು ಸ್ಟಾಪಿನ ಕತ್ತಲಲ್ಲಿ ಆಟೋಫೋಕಸ್ ತಡಕಾಡುತ್ತಲೇ ಇರುತ್ತದೆ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ. ಎರಡು ಸೆಕೆಂಡಿನ ಟೈಮರ್ ಇಡಿ. ಡಿಎಸ್‌ಎಲ್‌ಆರ್ ಆಗಿದ್ದರೆ ಹಿಂದಿನ ವ್ಯೂಫೈಂಡರ್‌ಗೆ ಕರ್ಚೀಫ್ ಮುಚ್ಚಿ, ಅಲ್ಲಿಂದಲೂ ಬೆಳಕು ನುಸುಳುತ್ತದೆ. ತೂಗುಸೇತುವೆಯ ಮೇಲೆ ಪ್ರಯತ್ನವೇ ಬೇಡ, ಒಬ್ಬ ನಡೆದರೂ ಚಿತ್ರ ಕುಲುಕುತ್ತದೆ. ಮರಳಿನಲ್ಲಿ ಟ್ರೈಪಾಡಿನ ಕಾಲನ್ನು ಮೊದಲೇ ಅದುಮಿ ಹೂಳಿ, ಇಲ್ಲದಿದ್ದರೆ ಅಲೆ ಬಂದು ಹೋದಾಗ ತಾನೇ ಇಳಿಯುತ್ತದೆ.

ಪಾಚಿ ಕಟ್ಟಿದ ಬಂಡೆಯ ಮೇಲಂತೂ ಟ್ರೈಪಾಡನ್ನೂ ಇಡಬೇಡಿ, ನೀವೂ ನಿಲ್ಲಬೇಡಿ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ ವಿಡಿಯೊವನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ಲಾಂಗ್ ಎಕ್ಸ್‌ಪೋಷರ್‌ನಲ್ಲಿ ನಿಮ್ಮ ಕಣ್ಣು ಸ್ಕ್ರೀನ್ ಮೇಲಿರುತ್ತದೆ, ನೀರು ಏರುವುದು ಗೊತ್ತಾಗುವುದಿಲ್ಲ. ದೂರದಿಂದ 50 ಮಿ.ಮೀ. ಇಟ್ಟು ತೆಗೆದ ಜಲಪಾತ ಹತ್ತಿರದ 18ಕ್ಕಿಂತ ಚೆನ್ನಾಗಿ ಕಂಡದ್ದೂ ಉಂಟು, ತುಂತುರು ಲೆನ್ಸಿಗೆ ಬಡಿಯುವುದೂ ಕಡಿಮೆ.

ಹಾಂ, ಇನ್ನೊಂದು. ಮೆನುವಿನಲ್ಲಿ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆನ್ ಇದ್ದರೆ, ಎರಡು ನಿಮಿಷದ ಫೋಟೊ ಮುಗಿದ ಮೇಲೆ ಕ್ಯಾಮೆರಾ ಮತ್ತೆರಡು ನಿಮಿಷ ಶಟರ್ ಮುಚ್ಚಿಕೊಂಡೇ ಒಂದು ಕಪ್ಪು ಫ್ರೇಮ್ ತೆಗೆದು, ಅದನ್ನು ಮೊದಲಿನದರಿಂದ ಕಳೆಯುತ್ತದೆ. ಅಷ್ಟು ಹೊತ್ತು ಯಾವ ಬಟನ್ ಒತ್ತಿದರೂ ಮಾತಾಡುವುದಿಲ್ಲ. ಹ್ಯಾಂಗ್ ಆಯಿತೆಂದು ಬ್ಯಾಟರಿ ಕಿತ್ತೀರಿ, ಜೋಕೆ!