ಬಟ್ಟೆಯ ಮೇಲೆ ಯುದ್ಧನಕ್ಷೆ

ಪ್ರಶ್ನೆ: ಗೋಡೆಗೆಂದು ಹಳೆಯ ಸೇನಾ ನಕ್ಷೆಯ ಬಟ್ಟೆ ಕೊಂಡೆ. ಸೈನಿಕರು ನಿಜಕ್ಕೂ ಬಟ್ಟೆಯ ನಕ್ಷೆ ಬಳಸುತ್ತಿದ್ದರೇ? (ಓದುಗರು, ಲೋಂಡಾ)

ಹೌದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೇನಾ ಗುಪ್ತಚರ ವಿಭಾಗವಾದ ಎಂಐ9 ವಿಮಾನ ಸಿಬ್ಬಂದಿಗೆ ರೇಷ್ಮೆ ನಕ್ಷೆ ಕೊಡುತ್ತಿತ್ತು. ನೆನೆದರೂ ಹರಿಯದು, ಮಡಚಿದರೆ ಸದ್ದಾಗದು, ಅಂಗಿಯೊಳಗೆ ಹೊಲಿದು ಬಚ್ಚಿಡಬಹುದು. ಯುದ್ಧ ಮುಗಿದ ಮೇಲೆ, ಬಟ್ಟೆಗೂ ರೇಷನ್ ಇದ್ದ ಆ ಕಾಲದಲ್ಲಿ, ಉಳಿದವು ಸ್ಕಾರ್ಫು, ಲಂಗಗಳಾದವು. ಒಳ್ಳೆಯ ಗತಿಯೇ!

ಸರ್ವೆ ಆಫ್ ಇಂಡಿಯಾದ ಪದ್ಧತಿ ಬೇರೆ. ಕಾಗದದ ನಕ್ಷೆಯನ್ನು ತುಂಡರಿಸಿ, ಮಡಿಕೆಗೆಂದು ನಡುವೆ ಸಣ್ಣ ಸಂದು ಬಿಟ್ಟು, ಬಟ್ಟೆಗೆ ಅಂಟಿಸುತ್ತಿದ್ದರು. ನಿಮ್ಮ ಬಟ್ಟೆಯ ಮೇಲೆ ಬೆರಳಾಡಿಸಿ: ಸಂದು ಕಣ್ಣಿಗೆ ಕಂಡು ಬೆರಳಿಗೆ ತಗಲದಿದ್ದರೆ ಅದು ಅಚ್ಚು ಹಾಕಿದ ನಕಲು. ಲೋಂಡಾದ ಮಳೆಗಾಲಕ್ಕೆ ಗೋಡೆಗೆ ತಾಗಿಸಿ ತೂಗುಹಾಕಬೇಡಿ, ಬೂಷ್ಟು ಹಿಡಿಯುತ್ತದೆ.